ನೂರು ಸಿಸಿಯ ಗಾಡಿ ಎಷ್ಟು ದೂರ ಹೋದೀತು?

ಕಾಗವಾಡಕ್ಕೆ ಮಿರಜ ಹತ್ತಿರ, ಬೆಳಗಾವಿ ದೂರ. ಅಥಣಿಯಿಂದ ವಿಜಯಪುರ ಸುಮಾರು 75 ಕಿ.ಮೀ.; ಸ್ವಂತ ಜಿಲ್ಲಾ ಕೇಂದ್ರವಾದ ಬೆಳಗಾವಿ ಅದಕ್ಕೆ ಹೆಚ್ಚುಕಡಿಮೆ ಇಮ್ಮಡಿ. ನಿಪ್ಪಾಣಿಯವರು 40 ಕಿ.ಮೀ. ಹೋದರೆ ಕೊಲ್ಹಾಪುರ. ದವಾಖಾನೆಗೆ ಮಿರಜ, ಅರಿಸಿನ-ಬೆಲ್ಲದ ಪೇಟೆಗೆ ಸಾಂಗಲಿ, ಕಚೇರಿ ಕೆಲಸಕ್ಕೆ ಚಿಕ್ಕೋಡಿ, ಹರಕೆಗೆ ಪಂಢರಪುರ ಇಲ್ಲವೇ ಸವದತ್ತಿ. ಹೀಗಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ನೂರು ಕಿ.ಮೀ. ಗಾಡಿ ಹೊಡೆಯುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ ಅದು. ಮತ್ತು ಆ ಕೆಲಸವನ್ನು ಮಾಡುತ್ತಿರುವುದು ಬಹುಪಾಲು 100ರಿಂದ 125 ಸಿಸಿಯ ಗಾಡಿಗಳೇ.

ಇದೇ ಊರುಗಳ ಹುಡುಗರನ್ನು ಕೇಳಿದರೆ ಇನ್ನೊಂದು ಮಾತು ಬರುತ್ತದೆ. ಲಾಂಗ್ ಹೋಗಬೇಕಾದರೆ ದೊಡ್ಡ ಗಾಡಿಯೇ ಬೇಕು, ಸ್ಪ್ಲೆಂಡರ್‌ನಂಥದ್ದು ಹೊಲಕ್ಕೆ, ಡೇರಿಗೆ ಸರಿ ಎಂದು. ಮೊಬೈಲಿನಲ್ಲಿ ಲಡಾಖಿನ ವಿಡಿಯೊಗಳು ಓಡತೊಡಗಿದ ಮೇಲೆ ಈ ಮಾತಿಗೆ ಬಲ ಬಂದಿದೆ. ಅಪ್ಪ ಪಂಢರಪುರಕ್ಕೆ ಹೋಗಿಬಂದ ಗಾಡಿಯನ್ನು ಮಗ ದೂರಕ್ಕೆ ಆಗದ ಗಾಡಿ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ? ಇಂಜಿನ್, ಎಣ್ಣೆ, ರಸ್ತೆ, ಹೊರೆ, ಋತು, ಕಾನೂನು ಎಲ್ಲವನ್ನೂ ಒಂದೊಂದಾಗಿ ನೋಡಿದರೆ ಉತ್ತರ ಅಪ್ಪನ ಕಡೆಗೇ ವಾಲುತ್ತದೆ. ಆದರೆ ಪೂರ್ತಿ ಅಲ್ಲ.

ಸಣ್ಣದು ಎಂದರೆ ಎಷ್ಟು?

ಸಣ್ಣದು, ದೊಡ್ಡದು ಎಂಬ ಅಳತೆ ಕಾಲಕಾಲಕ್ಕೆ ಬದಲಾಗಿದೆ. 1955ರಿಂದ ಮದ್ರಾಸಿನಲ್ಲಿ ತಯಾರಾದ 350 ಸಿಸಿಯ ಬುಲೆಟ್ ಪೊಲೀಸರ, ಮಿಲಿಟರಿಯವರ, ಊರಗೌಡರ ವಾಹನವಾಯಿತು. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ 250 ಸಿಸಿಯ ಜಾವಾ, ಮುಂದೆ ಯೆಜ್ಡಿ ಬಂದವು. 1996ರಲ್ಲಿ ಮುಚ್ಚುವವರೆಗೂ ಕನ್ನಡನಾಡಿನ ಮಧ್ಯಮ ವರ್ಗಕ್ಕೆ ಅದೇ ದೂರದ ಗಾಡಿ. ಹಾಲು ಮಾರುವವರಿಗೆ, ಹಳ್ಳಿ ವ್ಯಾಪಾರಿಗಳಿಗೆ ಎಸ್ಕಾರ್ಟ್ಸ್ ಕಂಪನಿಯ 173 ಸಿಸಿಯ ರಾಜದೂತ ಇತ್ತು. ಆಗಿನ ಲೆಕ್ಕದಲ್ಲಿ ರಾಜದೂತವೇ ಸಣ್ಣದು.

1980ರ ದಶಕದ ನಡುವೆ ಜಪಾನಿನ ತಂತ್ರಜ್ಞಾನ ಬಂದು ಅಳತೆ ಒಮ್ಮೆಲೇ ಕೆಳಗಿಳಿಯಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೊಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100, ಮರುವರ್ಷ ಕವಾಸಾಕಿ ಬಜಾಜ್, ಎಲ್ಲವೂ ನೂರು ಸಿಸಿಯವು. ಇವುಗಳಲ್ಲಿ ಸಿಡಿ 100 ಮಾತ್ರ ನಾಲ್ಕು ಸ್ಟ್ರೋಕಿನದು. ಎಣ್ಣೆ ಕಡಿಮೆ ಕುಡಿಯುವುದು, ಆಯಿಲ್ ಬೆರೆಸುವ ಗೋಜಿಲ್ಲದ್ದು. 1994ರಲ್ಲಿ ಅದರ ವಂಶದಲ್ಲೇ ಸ್ಪ್ಲೆಂಡರ್ ಹುಟ್ಟಿತು. ಪ್ಲಾಟಿನಾ, ಶೈನ್ ಮುಂತಾದವು ಆಮೇಲೆ ಬಂದವು. 2001ರಲ್ಲಿ ಪಲ್ಸರ್, 2004ರಲ್ಲಿ ಯೂನಿಕಾರ್ನ್ ಬಂದು 150 ಸಿಸಿ ಎಂಬ ನಡುವಿನ ಮೆಟ್ಟಿಲು ಸಿದ್ಧವಾಯಿತು. 2016ರ ಹಿಮಾಲಯನ್ 411 ಸಿಸಿಯದು. ಅಲ್ಲಿಂದ ಮುಂದೆ ದೂರದ ಪ್ರವಾಸಕ್ಕೆಂದೇ ಬೇರೆ ಗಾಡಿ ಇರಬೇಕೆಂಬ ಭಾವನೆ ಗಟ್ಟಿಯಾಯಿತು.

ಸರ್ಕಾರದ ಅಳತೆಯೂ ಈಗ ಸ್ಪಷ್ಟ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳದ್ದು ಶೇ 40ಕ್ಕೆ ಏರಿತು. ಈ ಲೇಖನದ ಮಟ್ಟಿಗೆ 100ರಿಂದ 160 ಸಿಸಿವರೆಗಿನದು ಸಣ್ಣ ಗಾಡಿ.

ಇಂಜಿನ್ನಿನ ಲೆಕ್ಕ

ಸ್ಪ್ಲೆಂಡರಿನ ಇಂಜಿನ್ 97.2 ಸಿಸಿ, ಶಕ್ತಿ ಸುಮಾರು 8 ಅಶ್ವಶಕ್ತಿ, ಗಾಡಿಯ ತೂಕ 112 ಕಿಲೊ. ಇಷ್ಟರಲ್ಲಿ ಒಬ್ಬ ಸವಾರ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ದಿನವಿಡೀ ಹೋಗಬಹುದು, ಇಂಜಿನ್ನಿಗೆ ಆಯಾಸವಿಲ್ಲ. ತಕರಾರು ಶುರುವಾಗುವುದು ಅದರ ಮೇಲೆ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ. 60ರಿಂದ 80ಕ್ಕೆ ಹೋಗಬೇಕಾದರೆ ವೇಗ ಮೂರನೇ ಒಂದು ಪಾಲಷ್ಟೇ ಹೆಚ್ಚಿದರೂ ಗಾಳಿಗಾಗಿ ತೆರಬೇಕಾದ ಶಕ್ತಿ ಎರಡು ಪಟ್ಟನ್ನು ದಾಟುತ್ತದೆ. ಸಣ್ಣ ಗಾಡಿ 80ರಲ್ಲಿ ನಡುಗುವುದು, ಕೂಗುವುದು, ಎಣ್ಣೆ ಕುಡಿಯುವುದು ಇದೇ ಕಾರಣಕ್ಕೆ.

ಆದರೆ 80ಕ್ಕಿಂತ ಜೋರಾಗಿ ಹೋಗಲು ಅನುಮತಿ ಇರುವುದಾದರೂ ಎಲ್ಲಿ? 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ ಮೋಟರ್ ಸೈಕಲ್ಲಿನ ಮಿತಿ 80, ಉಳಿದ ರಸ್ತೆಗಳಲ್ಲಿ 60. ಇದು ನೂರು ಸಿಸಿಗೂ ಅಷ್ಟೇ, ಆರುನೂರು ಸಿಸಿಗೂ ಅಷ್ಟೇ. ಕಾಗವಾಡ-ಅಥಣಿ, ಚಿಕ್ಕೋಡಿ-ರಾಯಬಾಗದ ರಸ್ತೆಗಳಲ್ಲಿ ದೊಡ್ಡ ಇಂಜಿನ್ನಿನವನು ಹೆಚ್ಚು ಹಣ ಕೊಟ್ಟು ಕೊಂಡ ವೇಗವನ್ನು ಕಾನೂನುಬದ್ಧವಾಗಿ ಬಳಸುವ ಜಾಗವೇ ಇಲ್ಲ. ಅವನಿಗೆ ಸಿಗುವ ನಿಜವಾದ ಲಾಭ ಬೇರೆ: ಏರಿನಲ್ಲಿ ಗೇರ್ ಇಳಿಸದೆ ಹೋಗುವುದು, ಹಿಂದೆ ಒಬ್ಬರಿದ್ದರೂ ಎಳೆತ ಕುಗ್ಗದಿರುವುದು, ಮುಂದಿನ ಲಾರಿಯನ್ನು ನಾಲ್ಕು ಸೆಕೆಂಡಿನಲ್ಲಿ ದಾಟುವುದು. ಕೊನೆಯದನ್ನು ಹಗುರವಾಗಿ ನೋಡುವಂತಿಲ್ಲ. ಎಂಟು ಅಶ್ವಶಕ್ತಿಯ ಗಾಡಿಗೆ ದಾಟುವ ಕಸುವು ಕಡಿಮೆ. ಎದುರಿನ ರಸ್ತೆ ಬಹಳ ದೂರದವರೆಗೆ ಖಾಲಿ ಕಂಡ ಮೇಲಷ್ಟೇ ಹೊರಗೆ ಬರಬೇಕು. ಸಣ್ಣ ಗಾಡಿಯ ಪ್ರವಾಸಿಗೆ ಬೇಕಾದ ಮೊದಲ ಕಲೆ ಹಿಂದೆ ಉಳಿಯುವ ತಾಳ್ಮೆ.

ಶಾಖದ ಮಾತೂ ಇದೆ. ಇವು ಬಹುಪಾಲು ಗಾಳಿಯಿಂದ ತಣಿಯುವ ಇಂಜಿನ್‌ಗಳು, ಒಳಗಿರುವ ಆಯಿಲ್ ಒಂದು ಲೀಟರಿನ ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಅಥಣಿ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಓಡುತ್ತಿರುವಾಗ ಗಾಳಿ ಬಡಿದು ಇಂಜಿನ್ ತಣ್ಣಗಿರುತ್ತದೆ. ಕಾಯುವುದು ಜಾತ್ರೆಯ ನೂಕುನುಗ್ಗಲಿನಲ್ಲಿ, ಘಾಟಿನಲ್ಲಿ ಲಾರಿಯ ಹಿಂದೆ ತೆವಳುವಾಗ. ಒಂದೂವರೆ ಗಂಟೆಗೊಮ್ಮೆ ನಿಂತು ಚಹಾ ಕುಡಿದರೆ ಇಂಜಿನ್ನಿಗೂ ಒಳ್ಳೆಯದು, ಸೊಂಟಕ್ಕೂ ಒಳ್ಳೆಯದು. ಹೊರಡುವ ಮುಂಚೆ ಆಯಿಲ್ ಬದಲಿಸಿ, ನಡುವೆ ಅದರ ಮಟ್ಟ ನೋಡುವವನ ಗಾಡಿ ದಾರಿಯಲ್ಲಿ ನಿಲ್ಲುವುದು ಅಪರೂಪ.

ಆವರೇಜ್ ಮತ್ತು ಕಬ್ಬು

ನಮ್ಮ ಕಡೆ ಗಾಡಿ ಕೊಂಡವರಿಗೆ ಬರುವ ಮೊದಲ ಪ್ರಶ್ನೆ ‘ಆವರೇಜ್ ಎಷ್ಟ ಕೊಡತೈತಿ?’ ಎಂದು. ದೂರದ ಪ್ರಯಾಣಕ್ಕೂ ಇದು ಸರಿಯಾದ ಪ್ರಶ್ನೆಯೇ. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿಯ 9.8 ಲೀಟರಿನ ಟ್ಯಾಂಕು ತುಂಬಿದರೆ 580 ಕಿ.ಮೀ. ಲೆಕ್ಕ ಬರುತ್ತದೆ. ನಿಪ್ಪಾಣಿಯಲ್ಲಿ ತುಂಬಿಸಿದರೆ ಬೆಂಗಳೂರಿನ ಹತ್ತಿರ ಹತ್ತಿರ. ದಿನಕ್ಕೆ 300 ಕಿ.ಮೀ. ಹೋದರೂ ಐದು ಲೀಟರು, ಅಂದರೆ ಐನೂರು ರೂಪಾಯಿಗೆ ತುಸು ಮೇಲೆ. ಲೀಟರಿಗೆ 30 ಕೊಡುವ ದೊಡ್ಡ ಗಾಡಿಗೆ ಅಷ್ಟಕ್ಕೇ ಹತ್ತು ಲೀಟರು ಬೇಕು. ಇಬ್ಬರು ಗೆಳೆಯರು ಹತ್ತು ದಿನ ತಿರುಗಿದರೆ ಈ ಅಂತರದಲ್ಲಿ ಲಾಡ್ಜಿನ ಖರ್ಚು ಬಹುಪಾಲು ಹುಟ್ಟುತ್ತದೆ.

ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಅದರ ಒಂದು ಮೂಲ ಕಬ್ಬು, ಆ ಕಬ್ಬು ಬೆಳೆಯುವ ಸೀಮೆಗಳಲ್ಲಿ ನಮ್ಮದೂ ಒಂದು. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇಂದು ಸಕ್ಕರೆಯ ಜೊತೆ ಎಥೆನಾಲನ್ನೂ ತಯಾರಿಸುತ್ತದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು, ಹಾಗಾಗಿ ಆವರೇಜ್ ಸ್ವಲ್ಪ ಬೀಳಲೇಬೇಕು. 2021ರ ನೀತಿ ಆಯೋಗದ ಮಾರ್ಗನಕ್ಷೆ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4ರಷ್ಟು ನಷ್ಟ ಅಂದಾಜಿಸಿತ್ತು. ಅರವತ್ತು ಕೊಡುವ ಗಾಡಿಗೆ ಇದು ಎರಡು ಕಿ.ಮೀ.ಯ ಮಾತು, ಪ್ರವಾಸ ನಿಲ್ಲುವಂಥದ್ದಲ್ಲ. ಹಳೆಯ ಕಾರ್ಬೊರೇಟರ್ ಗಾಡಿ ಇದ್ದವರು ಮಾತ್ರ ಪೆಟ್ರೋಲ್ ಪೈಪು, ರಬ್ಬರ್ ವಾಷರುಗಳನ್ನು ಒಮ್ಮೆ ತೋರಿಸಿಕೊಂಡು ಹೊರಡುವುದು ಮೇಲು. ಎಥೆನಾಲ್ ಹಳೆಯ ರಬ್ಬರನ್ನು ಬೇಗ ತಿನ್ನುತ್ತದೆ, ನೀರನ್ನೂ ಹೀರುತ್ತದೆ.

ಇಲ್ಲಿಂದ ಹೊರಡುವ ದಾರಿಗಳು

ಸಣ್ಣ ಗಾಡಿಗೆ ಹೇಳಿ ಮಾಡಿಸಿದ ದಾರಿಗಳು ಈ ಭಾಗದಲ್ಲಿ ಎಷ್ಟಿವೆ ಎಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ. ವೇಗ 50 ದಾಟುವ ಸಂದರ್ಭವೇ ಕಡಿಮೆ.

ಮೊದಲನೆಯದು ಕೃಷ್ಣೆಯ ದಂಡೆ. ಯಡೂರಿನ ವೀರಭದ್ರ, ಗಡಿಯಾಚೆ ನರಸೋಬವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಸೇರುವ ಸಂಗಮ, ಶಿರೋಳ ತಾಲ್ಲೂಕಿನ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ದೇಗುಲ. ಮಹಾರಾಷ್ಟ್ರದ ಆ ಊರಿನ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಒಂದೇ ದಿನದಲ್ಲಿ, ನೂರಿನ್ನೂರು ಕಿ.ಮೀ. ಒಳಗೆ, ಎರಡು ರಾಜ್ಯ ಮತ್ತು ಒಂಬತ್ತು ಶತಮಾನ ನೋಡಬಹುದು. ಕಬ್ಬಿನ ಹೊಲಗಳ ನಡುವಿನ ಈ ಕಿರಿದಾದ ರಸ್ತೆಗಳಲ್ಲಿ 200 ಕಿಲೊ ಗಾಡಿ ತಿರುಗಿಸುವವನಿಗಿಂತ 112 ಕಿಲೊ ಗಾಡಿಯವನು ಸುಖಿ.

ಎರಡನೆಯದು ಬಡಗಲ ದಾರಿ: ಅಥಣಿಯಿಂದ ಜತ್ತ, ಸಾಂಗೋಲೆ ದಾಟಿ ಪಂಢರಪುರ. ಜತ್ತ ತಾಲ್ಲೂಕಿನ ಪೂರ್ವಭಾಗದಲ್ಲಿ ಕನ್ನಡದ ಹಳ್ಳಿಗಳೇ ಹೆಚ್ಚು. ಗುಡ್ಡಾಪುರದ ದಾನಮ್ಮದೇವಿಗೆ ಕರ್ನಾಟಕದಿಂದ ಬರುವ ಭಕ್ತರಿಗೆ ಲೆಕ್ಕವಿಲ್ಲ. ನೆಲ ಸಮ, ಏರು ಕಡಿಮೆ, ನೆರಳೂ ಕಡಿಮೆ. ನೂರು ಸಿಸಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಬೇಸಿಗೆಯಲ್ಲಿ ಮಾತ್ರ ಬೆಳಗಿನ ಹತ್ತರೊಳಗೆ ಮುಗಿಸಬೇಕು.

ಮೂರನೆಯದು ತೆಂಕಣ ಜಾತ್ರೆಯ ದಾರಿ: ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕ, ಗೋಕಾಕದ ಜಲಪಾತ, ಅಲ್ಲಿಂದ ಸವದತ್ತಿಯ ಯಲ್ಲಮ್ಮನ ಗುಡ್ಡ. ಮನಸ್ಸಿದ್ದವರು ಬಾದಾಮಿ, ಪಟ್ಟದಕಲ್ಲಿಗೆ ಮುಂದುವರಿಯಬಹುದು. ಪೂರ್ವಕ್ಕೆ ಹೊರಟರೆ ವಿಜಯಪುರದ ಗೋಳಗುಮ್ಮಟ, ಬಸವನ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ. ಇದು ಎರಡು ಮೂರು ದಿನಗಳ ಸಾವಕಾಶದ ಪ್ರವಾಸ. ಇನ್ನೂ ಮುಂದೆ ಶ್ರೀಶೈಲ. ಯುಗಾದಿಗೆ ಮುಂಚೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಭಕ್ತರು ಅಲ್ಲಿಗೆ ನಡೆದೇ ಹೋಗುತ್ತಾರೆ. ಅವರು ಕಾಲಲ್ಲಿ ಕ್ರಮಿಸುವ ದಾರಿಗೆ ನೂರು ಸಿಸಿ ಸಾಲದು ಎನ್ನುವುದು ತಮಾಷೆಯ ಮಾತಾದೀತು. ನಲ್ಲಮಲ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಅಷ್ಟು ತಿಳಿದು ಹೊರಟರೆ ಸಾಕು.

ನಾಲ್ಕನೆಯದು ಪಡುವಣ ದಾರಿ, ನಿಜವಾದ ಪರೀಕ್ಷೆ. ನಿಪ್ಪಾಣಿಯಿಂದ ಆಜರಾ ಮೇಲೆ ಆಂಬೋಲಿ, ಸಾವಂತವಾಡಿ, ಗೋವಾ. ಇಲ್ಲವೇ ರಾಧಾನಗರಿ, ಫೋಂಡಾ ಘಾಟು ಇಳಿದು ಕೊಂಕಣ. ಅಥಣಿಯಲ್ಲಿ ವರ್ಷಕ್ಕೆ ಬೀಳುವ ಮಳೆ 500-600 ಮಿ.ಮೀ.; ಆಂಬೋಲಿಯಲ್ಲಿ ಅದರ ಹತ್ತು ಪಟ್ಟಿಗೂ ಮೀರಿ. ಇಳಿಯುವಾಗ ಇಂಜಿನ್ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ, ಬ್ರೇಕು ಬರುತ್ತದೆ. ನೂರು ಸಿಸಿ ಗಾಡಿಗಳಲ್ಲಿ ಬಹುಪಾಲಿಗೆ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಬಂದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರುವಾಗ ಹಾಕುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಡ್ರೈವರುಗಳ ನಿಯಮ ಇಲ್ಲಿಗೂ ಸಲ್ಲುತ್ತದೆ. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಘಾಟು ಹತ್ತುವವರಿಗೆ 150-160 ಸಿಸಿಯ ಗಾಡಿ ಎಂಬ ಸಲಹೆ ನ್ಯಾಯವಾದದ್ದು.

ಈ ಎಲ್ಲದರ ಮಧ್ಯೆ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿ ಮಾತ್ರ ಸಣ್ಣ ಗಾಡಿಯ ಮಿತ್ರನಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಟೋಲ್ ಇಲ್ಲ ಎನ್ನುವುದೊಂದೇ ಅನುಕೂಲ. ನೂರರ ವೇಗದ ಬಸ್ಸು ಪಕ್ಕದಲ್ಲಿ ಹಾದಾಗ ಬೀಸುವ ಗಾಳಿಗೆ ಹಗುರ ಗಾಡಿ ಒಂದು ಮಾರು ಸರಿಯುತ್ತದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವೇ ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದಲೂ 2023ರ ಆಗಸ್ಟ್ 1ರಿಂದ ಹೊರಗಿಟ್ಟಿದ್ದಾರೆ. ದೇಶ ವೇಗದ ರಸ್ತೆ ಕಟ್ಟುತ್ತ ಹೋದಂತೆ ದೂರದ ಪ್ರಯಾಣದ ಗಾಡಿಗಳು ಹಳೆಯ ರಸ್ತೆಗೆ ಮರಳಬೇಕಾಗಿದೆ. ಸಣ್ಣ ಗಾಡಿಯವರಿಗೆ ಅದರಿಂದ ನಷ್ಟವಿಲ್ಲ. ಊರು, ಸಂತೆ, ಖಾನಾವಳಿ ಇರುವುದು ಹಳೆಯ ರಸ್ತೆಯಲ್ಲೇ.

ನೀರು, ಟ್ರೇಲರು, ಕತ್ತಲೆ

ಈ ಸೀಮೆಯಲ್ಲಿ ಪ್ರಯಾಣ ಕೆಡಿಸುವುದು ಇಂಜಿನ್ನಿಗಿಂತ ಹೆಚ್ಚಾಗಿ ಋತು. ಜುಲೈ-ಆಗಸ್ಟಿನಲ್ಲಿ ಸಹ್ಯಾದ್ರಿಯ ಮಳೆ ಹೊತ್ತು ಕೃಷ್ಣಾ, ದೂಧಗಂಗಾ, ವೇದಗಂಗಾ ಬಂದರೆ ಬ್ಯಾರೇಜ್ ಮೇಲಿನ ತಗ್ಗು ಸೇತುವೆಗಳು ಒಂದೊಂದೇ ಮುಳುಗುತ್ತವೆ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಅಕ್ಕೋಳ-ಸಿದ್ನಾಳ, ಜತ್ರಾಟ-ಭಿವಶಿ. ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಇವೇ ಹೆಸರು. ನೀರು ಹೆಚ್ಚಿದರೆ ಕುಡಚಿ-ಉಗಾರ ಸೇತುವೆಯೂ ಬಂದ್. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ನೀರಲ್ಲಿತ್ತು. ಮೊಬೈಲಿನ ನಕ್ಷೆ ಇದನ್ನು ತಕ್ಷಣ ಹೇಳುವುದಿಲ್ಲ, ದಂಡೆಯ ಊರಿನ ಚಹಾದಂಗಡಿ ಹೇಳುತ್ತದೆ. ಹರಿಯುವ ನೀರಿನಲ್ಲಿ ಹಗುರ ಗಾಡಿ ಇಳಿಸುವುದು ಸಾಹಸವಲ್ಲ, ಮೂರ್ಖತನ. ಮೊಳಕಾಲು ಮುಟ್ಟದ ಸೆಳವೂ ಗಾಡಿಯನ್ನು ಕೆಡವಬಲ್ಲದು.

ಮಳೆ ಮುಗಿದ ಮೇಲೆ ಕಬ್ಬು ನುರಿಸುವ ಹಂಗಾಮು. ಅಕ್ಟೋಬರ್-ನವೆಂಬರಿನಿಂದ ಮಾರ್ಚ್‌ವರೆಗೆ ಉಗಾರ, ಅಥಣಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಕಾರ್ಖಾನೆಗಳ ಕಡೆಗೆ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರು, ಹೊರಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಸೋಗೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಇನ್ನೊಂದೆಡೆ ಸಣ್ಣ ಗಾಡಿಯ ಹೆಡ್‌ಲೈಟು ತೀರ ಮಂದ. ಎದುರಿನ ಕಾರಿನ ಬೆಳಕಿಗೆ ಕಣ್ಣು ಕುಕ್ಕಿದ ಕ್ಷಣದಲ್ಲಿ ಮುಂದೆ ನಿಂತ ಟ್ರೇಲರು ಕಾಣುವುದಿಲ್ಲ. ಬ್ರೇಕು ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ 2019ರಿಂದ ಕಡ್ಡಾಯವಾಯಿತು. ಕೆಳಗಿನವುಗಳಿಗೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇದ್ದರೆ ಸಾಕೆಂದರು. ಅವಸರದಲ್ಲಿ ಬ್ರೇಕು ಒತ್ತಿದರೆ ಜಾರುವ ಅಪಾಯ ನೂರು ಸಿಸಿಯವನಿಗೇ ಹೆಚ್ಚು.

ಆದ್ದರಿಂದ ಈ ಭಾಗದಲ್ಲಿ ಸಣ್ಣ ಗಾಡಿಯ ಪ್ರವಾಸಕ್ಕೆ ಒಂದೇ ಕಟ್ಟುನಿಟ್ಟಿನ ನಿಯಮವಿದ್ದರೆ ಅದು ಇದು: ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸಬಾರದು. ಜಾತ್ರೆಗೆ ರಾತ್ರಿ ಊಟ ಮುಗಿಸಿ ಹೊರಡುವ, ಬೆಳಗಿನ ಜಾವ ದೇವರ ದರ್ಶನ ಮಾಡಿ ಮರಳುವ ನಮ್ಮ ರೂಢಿ ಬಿಡಲೇಬೇಕಾದದ್ದು. ಹರಕೆ ಒಪ್ಪಿಸಲು ಹಗಲೂ ಸಾಕು.

ಹೊರೆ ಮತ್ತು ಮೈ

ಸಣ್ಣ ಗಾಡಿ ಹೊರಬಲ್ಲ ಭಾರ ಸವಾರನನ್ನೂ ಸೇರಿ 130 ಕಿಲೊ ಆಸುಪಾಸು. ಇಬ್ಬರು ದೊಡ್ಡವರು ಕೂತರೆ ಅಲ್ಲಿಗೆ ಲೆಕ್ಕ ಮುಗಿಯಿತು; ಚೀಲಕ್ಕೆ ಪಾಲಿಲ್ಲ. ಆದರೂ ಗಂಡ, ಹೆಂಡತಿ, ಮಗು, ಬುತ್ತಿಗಂಟು, ಟ್ಯಾಂಕಿನ ಮೇಲೆ ಇನ್ನೊಂದು ಮಗು ಹೊತ್ತ ಗಾಡಿ ಇಲ್ಲಿ ಕಣ್ಣಿಗೆ ರೂಢಿಯಾದ ನೋಟ. ಹಿಂಬದಿಯ ಶಾಕ್ ಅಬ್ಸಾರ್ಬರ್ ತಳ ಮುಟ್ಟಿ, ಮುಂದಿನ ಚಕ್ರ ಹಗುರವಾಗಿ, ತಿರುವಿನಲ್ಲಿ ಹ್ಯಾಂಡಲ್ ಮಾತು ಕೇಳದಂತಾಗುವುದು ಇದರಿಂದಲೇ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ವೇಗ 40 ಮೀರಬಾರದು, ಮಗುವಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಬೆಲ್ಟು ಬೇಕು ಎಂಬ ಕೇಂದ್ರದ ನಿಯಮ 2022ರಲ್ಲೇ ಬಂದಿದೆ. ಸಂಸಾರಸಮೇತ ದೂರ ಹೋಗುವವರಿಗೆ ಬಸ್ಸು, ರೈಲು ಇವೆ. ಗಾಡಿ ಒಬ್ಬರಿಗೆ, ಹೆಚ್ಚೆಂದರೆ ಹಗುರ ಚೀಲದ ಇಬ್ಬರಿಗೆ.

ಒಬ್ಬನೇ ಹೋಗುವವನಿಗೆ ಹತ್ತು ಹದಿನೈದು ಕಿಲೊ ಸಾಮಾನು ಧಾರಾಳ. ಬೆನ್ನಿಗೆ ಹಾಕಿಕೊಳ್ಳದೆ ಸೀಟಿನ ಹಿಂಭಾಗಕ್ಕೆ ಬಿಗಿಯಾಗಿ ಕಟ್ಟಬೇಕು. ಬೆನ್ನ ಮೇಲಿನ ಚೀಲ ನೂರು ಕಿ.ಮೀ. ದಾಟುತ್ತಲೇ ಭುಜ ಕೀಳುತ್ತದೆ. ಕ್ಲಚ್ ವಾಯರು, ಎಕ್ಸಲರೇಟರ್ ವಾಯರು, ಒಂದು ಪ್ಲಗ್, ಒಂದು ಟ್ಯೂಬು, ಪಾನಾ ಸೆಟ್ಟು ಇಷ್ಟಿದ್ದರೆ ಆಯಿತು. ಸೀಟು ಗಟ್ಟಿ ಎನಿಸಿದರೆ ಮಡಿಚಿದ ಕಂಬಳಿ ಹಾಸಿಕೊಳ್ಳುವುದು ಹಳಬರ ಉಪಾಯ. ಕಾಲಿಗೆ ಬೂಟು ಬೇಕು. ಅಥಣಿ ಸೀಮೆಯ ಚರ್ಮದ ಚಪ್ಪಲಿಗೆ 2019ರಲ್ಲಿ ಕೊಲ್ಹಾಪುರಿ ಹೆಸರಿನಲ್ಲಿ ಎರಡೂ ರಾಜ್ಯಗಳಿಗೆ ಸೇರಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಅಂದಕ್ಕೆ ಮೆಚ್ಚದವರಿಲ್ಲ. ಆದರೆ ಗೇರು ಹಾಕುವ ಕಾಲಿಗೆ, ರಸ್ತೆಗೆ ಉಜ್ಜುವ ಬೆರಳಿಗೆ ಅದು ರಕ್ಷಣೆಯಲ್ಲ. ಹೆಲ್ಮೆಟ್ ಗಡಿಯ ಎರಡೂ ಕಡೆ ಕಡ್ಡಾಯ, ಐಎಸ್‌ಐ ಗುರುತಿನದೇ ಆಗಿರಬೇಕು. ಬೇರೆ ರಾಜ್ಯಕ್ಕೆ ತಿರುಗಾಟಕ್ಕೆ ಹೋದರೆ ನೋಂದಣಿ ಬದಲಿಸಬೇಕಿಲ್ಲ. ಹನ್ನೆರಡು ತಿಂಗಳು ಮೀರಿ ಅಲ್ಲೇ ಇಟ್ಟರೆ ಮಾತ್ರ ಆ ಪ್ರಶ್ನೆ. ಆರ್‌ಸಿ, ಇನ್ಶೂರನ್ಸ್, ಹೊಗೆ ಪ್ರಮಾಣಪತ್ರ ಸರಿಯಿದ್ದರೆ ಚಿಕ್ಕೋಡಿ ನೋಂದಣಿಯ ಕೆಎ-23 ಗಾಡಿ ದೇಶದ ಯಾವ ಮೂಲೆಗೂ ಹೋಗಬಹುದು.

ಸಣ್ಣ ಗಾಡಿಯ ಅತಿ ದೊಡ್ಡ ಬಲ ಕೆಟ್ಟಾಗ ಗೊತ್ತಾಗುತ್ತದೆ. ಯಾವ ತಾಲ್ಲೂಕಿನ ಯಾವ ಕೂಟು ರಸ್ತೆಯಲ್ಲಿ ನಿಂತರೂ ಸ್ಪ್ಲೆಂಡರಿನ ಕ್ಲಚ್ ಪ್ಲೇಟು, ಚೈನು, ಬ್ರೇಕ್ ಶೂ ಸಿಗುತ್ತದೆ, ಬಿಚ್ಚಿ ಜೋಡಿಸುವ ಮಿಸ್ತ್ರಿಯೂ ಸಿಗುತ್ತಾನೆ. ದೊಡ್ಡ ಗಾಡಿಯಾದರೆ ಶೋರೂಮು ಇರುವ ಶಹರದವರೆಗೆ ಟೆಂಪೊದಲ್ಲಿ ಹೇರಿಕೊಂಡು ಹೋಗಬೇಕು. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದು ಸಣ್ಣ ಗಾಡಿಗೂ ಫ್ಯುಯೆಲ್ ಇಂಜೆಕ್ಷನ್, ಸೆನ್ಸರುಗಳು ಸೇರಿದ ಮೇಲೆ ಈ ಬಲ ಸ್ವಲ್ಪ ಕುಗ್ಗಿದೆ, ಆದರೆ ಇಲ್ಲವಾಗಿಲ್ಲ.

ದೂರ ಹೋದವರು

ಸಣ್ಣ ವಾಹನದ ದೂರಕ್ಕೆ ಕನ್ನಡದ ಸಾಕ್ಷಿ ಬೇಕೆಂದರೆ ಮೈಸೂರಿನ ಡಿ. ಕೃಷ್ಣಕುಮಾರ್ ಇದ್ದಾರೆ. 2018ರ ಜನವರಿಯಲ್ಲಿ ತಾಯಿ ಚೂಡಾರತ್ನಮ್ಮನವರನ್ನು ಹಿಂದೆ ಕೂರಿಸಿಕೊಂಡು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಅವರು ತೀರ್ಥಯಾತ್ರೆ ಹೊರಟರು. ನೇಪಾಳ, ಭೂತಾನ್, ಮ್ಯಾನ್ಮಾರ್ ಮುಟ್ಟಿ 2020ರಲ್ಲಿ ಮೈಸೂರಿಗೆ ಮರಳುವಾಗ 56,000 ಕಿ.ಮೀ. ದಾಟಿತ್ತು. ಸ್ಕೂಟರಿನ ಇಂಜಿನ್ 150 ಸಿಸಿಗೂ ಕಡಿಮೆ, ತಾಯಿಗೆ ಎಪ್ಪತ್ತರ ವಯಸ್ಸು. ಅವರ ಯಾತ್ರೆಯಲ್ಲಿ ಗಮನಿಸಬೇಕಾದದ್ದು ದೂರವಷ್ಟೇ ಅಲ್ಲ, ಅವಧಿ. ಎರಡೂವರೆ ವರ್ಷಕ್ಕೂ ಮೀರಿದ ಕಾಲಕ್ಕೆ ಹಂಚಿದರೆ ದಿನಕ್ಕೆ ಅರವತ್ತು ಕಿ.ಮೀ. ಸಹ ಆಗುವುದಿಲ್ಲ. ಅವರಿಗೆ ಅವಸರ ಇರಲಿಲ್ಲ, ಸ್ಕೂಟರಿಗೆ ಅಷ್ಟೇ ಸಾಕಾಯಿತು.

ಹೊರಗಿನ ಲೋಕದಲ್ಲೂ ಇದೇ ಕಥೆ. ಮೋಟರ್ ಸೈಕಲ್ ಪ್ರವಾಸದ ಪುಸ್ತಕಗಳಲ್ಲಿ ಬಹಳ ಹೆಸರಾದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಬಂತು. ಅದಕ್ಕೆ ಆಧಾರವಾದ 1968ರ ಪ್ರಯಾಣವನ್ನು ರಾಬರ್ಟ್ ಪರ್ಸಿಗ್ ಮಗನನ್ನು ಹಿಂದೆ ಕೂರಿಸಿಕೊಂಡು ಮಾಡಿದ್ದು 305 ಸಿಸಿಯ ಹೊಂಡಾದಲ್ಲಿ; ಅಮೆರಿಕದ ಅಳತೆಯಲ್ಲಿ ಅದು ಸಣ್ಣದೇ. 1958ರಲ್ಲಿ ಹುಟ್ಟಿದ ಹೊಂಡಾದ ಸೂಪರ್ ಕಬ್ 2017ರಲ್ಲಿ ಹತ್ತು ಕೋಟಿ ಮುಟ್ಟಿತು. 50ರಿಂದ 125 ಸಿಸಿವರೆಗಿನ ಆ ಗಾಡಿಯಲ್ಲಿ ವಿಯೆಟ್ನಾಮನ್ನು ಉದ್ದಕ್ಕೂ ಸುತ್ತುವವರು ಇಂದಿಗೂ ಇದ್ದಾರೆ.

ಲಡಾಖಿನ ಮಾತು ಬೇರೆ. 5,359 ಮೀಟರ್ ಎತ್ತರದ ಖಾರ್ದುಂಗ್ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಎಂಟು ಅಶ್ವಶಕ್ತಿ ಅಲ್ಲಿ ನಾಲ್ಕಾಗುತ್ತದೆ. ಇಂಜೆಕ್ಷನ್ ಗಾಡಿ ಗಾಳಿಗೆ ತಕ್ಕಂತೆ ಪೆಟ್ರೋಲನ್ನು ಹೊಂದಿಸಿಕೊಂಡರೂ ಕಳೆದ ಶಕ್ತಿ ಮರಳದು. ಒಬ್ಬನೇ, ಹಗುರ ಹೊರೆಯಲ್ಲಿ, ಒಂದನೇ ಗೇರಿನಲ್ಲಿ ಹತ್ತಬಹುದು. ಇಬ್ಬರಾದರೆ ಇಳಿದು ನೂಕಬೇಕು. ಹಾಗೆ ಹೋಗುವ ಆಸೆ ಇದ್ದವರು ಇಲ್ಲಿಂದಲೇ ಓಡಿಸಿಕೊಂಡು ಹೋಗಬೇಕೆಂದೇನೂ ಇಲ್ಲ. ಮಿರಜ ಜಂಕ್ಷನ್ ಪಕ್ಕದಲ್ಲೇ ಇದೆ. ಟ್ಯಾಂಕು ಖಾಲಿ ಮಾಡಿ, ಗೋಣಿ ಸುತ್ತಿಸಿ, ಆರ್‌ಸಿ ಪ್ರತಿ ಕೊಟ್ಟು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿದರೆ ಗಾಡಿ ರೈಲಿನಲ್ಲಿ ಹೋಗುತ್ತದೆ. ಮೈದಾನದ ಸಾವಿರಾರು ಕಿ.ಮೀ. ಹೆದ್ದಾರಿ ಉಳಿಯುತ್ತದೆ, ರಜೆಯೂ ಉಳಿಯುತ್ತದೆ.

ವಿದ್ಯುತ್ ಸ್ಕೂಟರುಗಳು ಮಿರಜ-ಕಾಗವಾಡದ ಓಡಾಟಕ್ಕೆ ಸಾಕು, ಹೆಚ್ಚಿನವುಗಳಿಗೆ ನೂರೈವತ್ತು ಕಿ.ಮೀ.ಗೆ ಮುಂಚೆಯೇ ಚಾರ್ಜು ಹುಡುಕಬೇಕಾದ್ದರಿಂದ ಜತ್ತದ ಬಯಲಿನಲ್ಲಿ ಅವುಗಳ ಕಾಲ ಇನ್ನೂ ಬಂದಿಲ್ಲ. ಪೆಟ್ರೋಲ್ ಸ್ಕೂಟರಿಗೆ ಐದಾರು ಲೀಟರಿನ ಟ್ಯಾಂಕು, ಸಣ್ಣ ಚಕ್ರ. ತಗ್ಗಿನ ರಸ್ತೆಯಲ್ಲಿ ಸೊಂಟಕ್ಕೆ ಪೆಟ್ಟು ಹೆಚ್ಚು. ಕೃಷ್ಣಕುಮಾರ್ ಅವರಂಥ ತಾಳ್ಮೆ ಇದ್ದವರಿಗೆ ಅದೂ ಅಡ್ಡಿಯಾಗದು.

ಒಟ್ಟು ಲೆಕ್ಕ

ಇಷ್ಟನ್ನೂ ಕೂಡಿಸಿ ನೋಡಿದರೆ ತೀರ್ಪು ಕಷ್ಟವಿಲ್ಲ. ಒಬ್ಬ ಸವಾರ, ಹಗಲು ಹೊತ್ತು, ದಿನಕ್ಕೆ 250ರಿಂದ 300 ಕಿ.ಮೀ., ಹೆದ್ದಾರಿ ಬಿಟ್ಟ ರಸ್ತೆ. ಇಷ್ಟಕ್ಕೆ 100-125 ಸಿಸಿ ಗಾಡಿ ಸಾಕು, ಕನ್ಯಾಕುಮಾರಿವರೆಗೂ ಸಾಕು. ಇಬ್ಬರು, ಘಾಟು, ಹೆದ್ದಾರಿಯ ತುಣುಕುಗಳು ಸೇರಿದರೆ ಎಬಿಎಸ್ ಇರುವ 150-160 ಸಿಸಿ ಲೇಸು. ಇಬ್ಬರು ಸಾಮಾನು ಸಮೇತ ಹಿಮಾಲಯ ಹತ್ತಬೇಕು, ದಿನಕ್ಕೆ ಆರುನೂರು ಕಿ.ಮೀ. ಹೊಡೆಯಬೇಕು ಎನ್ನುವವರಿಗೆ ಮಾತ್ರ ದೊಡ್ಡ ಗಾಡಿ. ನಮ್ಮ ಹುಡುಗರಲ್ಲಿ ಹೆಚ್ಚಿನವರ ಆಸೆ ಮೂರನೆಯದು, ದಾರಿ ಮೊದಲನೆಯದು. ಸಾಲ ಹುಟ್ಟುವುದು ಈ ಎರಡರ ನಡುವೆ.

ಸಕ್ಕರೆ ಕಾರ್ಖಾನೆಗಳಿಗೆ ಮತ್ತು ಪೊಲೀಸರಿಗೆ ಒಂದು ವಿನಂತಿ: ತೂಕದ ಕಾಟಾಕ್ಕೆ ಬರುವ ಪ್ರತಿ ಟ್ರೇಲರಿನ ಹಿಂದೆ ಕಬ್ಬಿನಿಂದ ಮುಚ್ಚದ ಜಾಗದಲ್ಲಿ ರಿಫ್ಲೆಕ್ಟರ್ ಇದೆಯೇ ಎಂದು ನೋಡಿ, ಇಲ್ಲದ್ದನ್ನು ಒಳಗೆ ಬಿಡಬೇಡಿ. ಸಣ್ಣ ಗಾಡಿಯವರ ಜೀವ ಉಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಇನ್ನು ಓದುಗರಿಗೆ: ಹೊಸ ಗಾಡಿಯ ಕಂತಿಗೆ ಸಹಿ ಹಾಕುವ ಮುಂಚೆ ಮನೆಯಲ್ಲಿರುವ ಗಾಡಿಗೆ ಎರಡು ಟೈರು, ಚೈನ್ ಸೆಟ್ಟು, ಬ್ರೇಕ್ ಶೂ, ಆಯಿಲ್ ಹಾಕಿಸಿ, ಒಳ್ಳೆಯ ಹೆಲ್ಮೆಟ್ ಕೊಂಡು, ಒಂದು ಭಾನುವಾರ ಬೆಳಿಗ್ಗೆ ಅಥಣಿಯ ಮೇಲೆ ವಿಜಯಪುರಕ್ಕೆ ಹೋಗಿ ಸಂಜೆಯೊಳಗೆ ಮನೆ ಸೇರಿ. ಆಮೇಲೂ ದೊಡ್ಡ ಗಾಡಿ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ.